ಕಾರಿನ ಮಾತು ಆಮೇಲೆ, ಮೊದಲು ತಂಗಿಯನ್ನು ಕರೆದುಕೊಂಡು ಹೋಗಿ

ಹನೂರಿನಲ್ಲಿರುವ ತಂಗಿಗೆ ಏಳು ತಿಂಗಳು ದಾಟಿದೆ, ಬಿಪಿ ಜಾಸ್ತಿ, ಹೆರಿಗೆ ಬೇಗ ಆಗಬಹುದು ಅಂದಿದ್ದಾರೆ. ಹುಟ್ಟಿದ ಕೂಸಿಗೆ ತೊಂದರೆಯಾದರೆ ಮೈಸೂರಿಗೆ ಬೇಗ ಮುಟ್ಟಿಸೋಕೆ ಕಾರು ರೆಡಿ ಇಡಲಾ, ವೆಂಟಿಲೇಟರ್ ಆ್ಯಂಬುಲೆನ್ಸ್ ಗೊತ್ತು ಮಾಡಲಾ? ಇಷ್ಟು ತಾನೆ ನೀವು ಕೇಳಿರೋದು. ನಾನೂ ಅಣ್ಣನೇ ಸ್ವಾಮಿ. ನಾನೂ ಕಾರಿಗೆ ಫುಲ್ ಟ್ಯಾಂಕ್ ಹಾಕಿಸಿ ಕಾದವನೇ.

ನನ್ನ ತಂಗಿಗೆ 32 ವಾರಕ್ಕೇ ಹೆರಿಗೆಯಾಯಿತು, ಕೊಳ್ಳೇಗಾಲದಲ್ಲಿ ಮನೆ ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ, ರಾತ್ರಿ ಹೊತ್ತು. ಹೆಣ್ಣು ಕೂಸು, ಒಂದೂವರೆ ಕೆ.ಜಿ.ಯೂ ಇಲ್ಲ. ಉಸಿರೆಳೆದಾಗೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಡ್ಯೂಟಿ ಡಾಕ್ಟರಮ್ಮ ಹೇಳಿದರು: "ಕಳಿಸಲೇಬೇಕು. ಆದ್ರೆ ಅರ್ಧ ಗಂಟೆ ಟೈಮ್ ಕೊಡಿ. ಮೈ ಬೆಚ್ಚಗಾಗ್ಲಿ, ಗ್ಲೂಕೋಸ್ ಹಾಕ್ತೀವಿ, ಅಲ್ಲಿ ಬೆಡ್ ಇದ್ಯಾ ಅಂತ ಫೋನ್ ಮಾಡ್ತೀನಿ."

ನನ್ನ ಕಿವಿಗೆ ಬಿದ್ದದ್ದು "ಅರ್ಧ ಗಂಟೆ" ಒಂದೇ. ಕೊಳ್ಳೇಗಾಲದಿಂದ ಮೈಸೂರು ಅರವತ್ತು ಕಿಲೋಮೀಟರ್ ಚಿಲ್ಲರೆ, ಅಷ್ಟು ಹೊತ್ತಿಗೆ ನಾನು ಟಿ. ನರಸೀಪುರ ದಾಟಿರುತ್ತೇನೆ ಅನ್ನೋ ಲೆಕ್ಕ ನನ್ನದು. ಕೂಗಾಡಿದೆ. ನಮ್ಮ ಜವಾಬ್ದಾರಿ ಮೇಲೆ ಕರೆದುಕೊಂಡು ಹೋಗುತ್ತೇವೆ ಅಂತ ಭಾವನ ಕೈಲಿ ಸಹಿ ಹಾಕಿಸಿದೆ. ಮೈ ಬೆಚ್ಚಗಿಡೋ ವಾರ್ಮರ್ ಮೇಲಿದ್ದ ಕೂಸನ್ನು ಒಂದು ಹಳೇ ಪಂಚೆಯಲ್ಲಿ ಸುತ್ತಿ ಅತ್ತೆ ಮಡಿಲಿಗೆ ಹಾಕಿ ಹೊರಟೆವು. ಅತ್ತೆಗೆ ಕಾರಿನಲ್ಲಿ ವಾಂತಿ ಬರುತ್ತೆ ಅಂತ ಕಿಟಕಿ ಬೇರೆ ಇಳಿಸಿದ್ದೆವು.

ಈ ಅರ್ಧ ಗಂಟೆ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ "ಬೇಗ" ಇದೆ. ಲೋಟದ ಕಾಫಿ ಪಾತ್ರೆಯ ಕಾಫಿಗಿಂತ ಬೇಗ ಆರುತ್ತಲ್ಲ, ಸಣ್ಣ ಮೈಯೂ ಹಾಗೇ. ಅವಧಿಗೆ ಮೊದಲೇ ಹುಟ್ಟಿದ ಕೂಸಿಗೆ ಚರ್ಮದ ಕೆಳಗೆ ಕೊಬ್ಬು ತೀರಾ ಕಡಿಮೆ, ನಮ್ಮ ಹಾಗೆ ನಡುಗಿ ಕಾವು ಹುಟ್ಟಿಸಿಕೊಳ್ಳೋಕೂ ಬರೋಲ್ಲ. ಮೈ ತಣ್ಣಗಾದಾಗ ಇರೋ ಚೂರು ಸಕ್ಕರೆಯನ್ನು ಉರಿಸಿ ಕಾವು ಮಾಡಿಕೊಳ್ಳುತ್ತೆ, ಅದಕ್ಕೆ ಆಕ್ಸಿಜನ್ನೂ ಹೆಚ್ಚು ಬೇಕು. ಮೊದಲೇ ಉಸಿರಿಗೆ ಒದ್ದಾಡುತ್ತಿರೋ ಕೂಸು ಅದನ್ನೆಲ್ಲಿಂದ ತರಬೇಕು? ಸಕ್ಕರೆ ಇಳಿಯುತ್ತೆ, ಉಸಿರು ಇನ್ನೂ ಕೆಡುತ್ತೆ. ಇವೆಲ್ಲ ಕಾರು ಎಷ್ಟು ಸ್ಪೀಡಾಗಿ ಹೋದರೂ ಕಾರಿನೊಳಗೇ ಆಗುತ್ತವೆ. ಡಾಕ್ಟರಮ್ಮ ಕೇಳಿದ್ದು ಇದನ್ನು ತಡೆಯೋ ಅರ್ಧ ಗಂಟೆ. ನಾನದನ್ನು ಕಾಲಹರಣ ಅಂದುಕೊಂಡೆ.

ಮೈಸೂರಿನಲ್ಲಿ ಮೊದಲು ಹೋದ ಕಡೆ ವೆಂಟಿಲೇಟರ್ ಖಾಲಿ ಇರಲಿಲ್ಲ. ಫೋನ್ ಮಾಡಿದ್ದರೆ ಹೊರಡೋ ಮುಂಚೆಯೇ ಗೊತ್ತಾಗುತ್ತಿತ್ತು. ಎರಡನೇ ಕಡೆ ನರ್ಸ್ ಕೂಸಿನ ಅಂಗಾಲು ಮುಟ್ಟಿದರು, ಆಮೇಲೆ ಹೊಟ್ಟೆ. ಎರಡೂ ತಣ್ಣಗೆ. ಅಂಗಾಲು ಮಾತ್ರ ತಣ್ಣಗಿದ್ದರೆ ಎಚ್ಚರಿಕೆ, ಹೊಟ್ಟೆಯೂ ತಣ್ಣಗಿದ್ದರೆ ಅಪಾಯ ಅಂತ ಆಮೇಲೆ ಹೇಳಿಕೊಟ್ಟರು. ಮೈ ಕಾವು 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕಾದದ್ದು 34ರ ಹತ್ತಿರ ಇತ್ತು. ಬೆಳಗಾಗೋ ಮೊದಲೇ ಫಿಟ್ಸ್ ಬಂತು. ಈಗ ಸ್ಕೂಲಿಗೆ ಹೋಗುತ್ತಾಳೆ, ಬಾಯಿ ಜೋರು. ಆದರೆ ನಡೆಯೋಕೆ ಕಲಿತದ್ದು ತುಂಬ ತಡ, ಫಿಟ್ಸ್ ಮಾತ್ರೆಯನ್ನೂ ಬಹಳ ಕಾಲ ನುಂಗಿದಳು. ಅದೆಲ್ಲ ಆ ರಾತ್ರಿಯಿಂದಲೇ ಅಂತ ಯಾವ ಡಾಕ್ಟರೂ ಹೇಳಿಲ್ಲ. ಅಲ್ಲ ಅಂತಲೂ ಹೇಳಿಲ್ಲ.

ಹಾಗಾಗಿ ನಿಮಗೆ ನನ್ನ ಉತ್ತರ: ಕಾರೂ ಬೇಡ, ವೆಂಟಿಲೇಟರ್ ಗಾಡಿಯೂ ಬೇಡ. ಕೂಸು ಇನ್ನೂ ಹೊಟ್ಟೆಯಲ್ಲೇ ಇದೆಯಲ್ಲ, ತಂಗಿಯನ್ನೇ ಈಗ ಸಾಗಿಸಿ! ನವಜಾತ ಶಿಶುಗಳ ವಿಶೇಷ ಘಟಕ ಇರೋ ಕಡೆಗೇ ಹೆರಿಗೆಗೆ ಸೇರಿಸಿ. ಚಾಮರಾಜನಗರದ ಜಿಲ್ಲಾಸ್ಪತ್ರೆಯಾದರೂ ಸರಿ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಆದರೂ ಸರಿ. 34 ವಾರದೊಳಗೆ ಹೆರಿಗೆ ಆಗೋ ಹಾಗಿದ್ದರೆ ಕೂಸಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಚೆನ್ನಾಗಿ ಹಿಡಿಯೋಕೆ ಒಂದು ದಿನವಾದರೂ ಬೇಕು. ಅಮಾವಾಸ್ಯೆ ಆಸುಪಾಸಿನಲ್ಲಿ ನಿಮ್ಮ ರೋಡಿನ ತುಂಬ ಮಾದಪ್ಪನ ಬೆಟ್ಟದ ಗಾಡಿಗಳೇ ಅನ್ನೋದು ನಿಮಗೇ ಗೊತ್ತು, ಕೊನೇ ಗಳಿಗೆಯ ಓಟವನ್ನು ನೆಚ್ಚಬೇಡಿ.

ಅಷ್ಟರಲ್ಲಿ ಅಲ್ಲೇ ಹೆರಿಗೆ ಆಗಿಬಿಟ್ಟರೆ, ಗಾಡಿಯ ಬೋರ್ಡ್ ನೋಡಬೇಡಿ, ಒಳಗೆ ಕೂರೋರು ಯಾರು ಅಂತ ಕೇಳಿ. ಕೂಸು ಉಸಿರು ನಿಲ್ಲಿಸಿದರೆ ಮಾಸ್ಕ್ ಇಟ್ಟು ಉಸಿರು ಕೊಡೋ ಬ್ಯಾಗ್ ಒತ್ತೋಕೆ ಅವರಿಗೆ ಬರುತ್ತಾ? ಕೂಸಿನ ಅಳತೆಯ ಮಾಸ್ಕ್ ಇದೆಯಾ? ಇದು ಬಾರದವರ ಜೊತೆ ಲಕ್ಷಾಂತರದ ಮೆಷಿನ್ ಇದ್ದರೂ ದಂಡ. ಆಕ್ಸಿಜನ್ ಜಾಸ್ತಿ ಬಿಡಿ ಅಂತ ಒತ್ತಾಯ ಮಾಡಬೇಡಿ, ಅತಿಯಾದರೆ ಇಂಥ ಕೂಸುಗಳ ಕಣ್ಣಿಗೇ ಪೆಟ್ಟು. ಬಿಸಿನೀರಿನ ಬಾಟಲಿ ಇಡಬೇಡಿ, ಚರ್ಮ ಸುಡುತ್ತೆ. ಟೋಪಿ, ಕಾಲುಚೀಲ ಹಾಕಿ, ಒದ್ದೆ ಬಟ್ಟೆ ತೆಗೆಯಿರಿ. ಉಸಿರಾಟ ಸರಿಯಿದ್ದು ತೂಕ ಮಾತ್ರ ಕಡಿಮೆ ಅಂದರೆ, ಡಾಕ್ಟರನ್ನು ಕೇಳಿ ಬರಿ ಎದೆಗೆ ಬರಿ ಮೈ ತಾಗುವಂತೆ ಕಟ್ಟಿಕೊಂಡು ಹೋಗಬಹುದು, ಮೂಗು ಮುಚ್ಚದ ಹಾಗೆ. ತಾಯಿಗೆ ಆಪರೇಷನ್ ಆಗಿದ್ದರೆ ಅಪ್ಪನ ಎದೆಯೂ ನಡೆಯುತ್ತೆ. ನಮ್ಮ ಭಾವ ನಾಚಿಕೊಳ್ಳುತ್ತಿದ್ದನೇನೋ, ಆದರೆ ಯಾರೂ ಅವನನ್ನು ಕೇಳಲೇ ಇಲ್ಲ.

ದುಡ್ಡಿನ ಚಿಂತೆ ಇದ್ದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಗೂ ಕಾಯಿಲೆ ಬಿದ್ದ ಎಳೆಗೂಸಿಗೂ ಚಿಕಿತ್ಸೆ, ಗಾಡಿ ಎರಡೂ ಉಚಿತ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಅದು ಹಕ್ಕು, ಬೇಡೋ ಮಾತೇ ಇಲ್ಲ.

ಬಿಪಿ ಎಷ್ಟಿದೆ ಅಂತ ನೀವು ಬರೆದಿಲ್ಲ. ತಂಗಿಗೆ ತಲೆನೋವು, ಕಣ್ಣು ಮಂಜು, ಮುಖ ಊತ ಏನಾದರೂ ಇದ್ದರೆ ಇಲ್ಲಿ ಬೇರೆಯವರ ಉತ್ತರಕ್ಕೆ ಕಾಯಬೇಡಿ, ಈಗಲೇ 108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್ ಕೈಯಲ್ಲಿರಲಿ.