ಚೂರಲ್‌ಮಲೆಯಿಂದ ಬಂದ ತಮ್ಮನ ಬಾಯಿ ಬಿಡಿಸಬೇಕೆ?

ಬೇಡ ಅಕ್ಕ, ದಯವಿಟ್ಟು ಬೇಡ. ಫೈರ್ ಫೋರ್ಸಿನ ತಮ್ಮ ವಯನಾಡಿನ ಚೂರಲ್‌ಮಲೆಯ ಭೂಕುಸಿತದಲ್ಲಿ ರಕ್ಷಣಾ ಕೆಲಸ ಮಾಡಿ ಬಂದು ವಾರವಾಯಿತು, ಮಾತಿಲ್ಲ, ರಾತ್ರಿ ಬೆಚ್ಚಿ ಏಳುತ್ತಾನೆ, ಕೂರಿಸಿ ಎಲ್ಲ ಹೇಳಿಸಿದರೆ ಮನಸ್ಸು ಹಗುರಾದೀತೇ ಎಂದು ಕೇಳಿದ್ದೀರಿ. ನಾನೂ ಇದೇ ಕೆಲಸದವನು. ನಮ್ಮವರನ್ನು ಹೆಚ್ಚು ಕೆಡಿಸುವುದು ಈ ಹೇಳಿಸುವ ಆತುರವೇ.

ದುರಂತವಾದ ನಾಲ್ಕಾರು ದಿನಕ್ಕೇ ಎಲ್ಲರನ್ನೂ ಸುತ್ತ ಕೂರಿಸಿ, ಕಂಡದ್ದನ್ನು ಒಬ್ಬೊಬ್ಬರಿಂದ ಹೇಳಿಸುವ ಪದ್ಧತಿ 1980ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಮೈ ಇನ್ನೂ ನಡುಗುತ್ತಿರುವಾಗ ನೆನಪನ್ನು ಕೆದಕಿದರೆ ಆ ನಡುಕವೂ ನೆನಪಿನ ಜೊತೆ ಬೇರು ಬಿಡಬಹುದು. ಹಗ್ಗ ಹಿಡಿದು ದಡದಲ್ಲಿ ನಿಂತಿದ್ದವನ ತಲೆಗೆ, ಚಾಲಿಯಾರ್ ಹೊಳೆಯಿಂದ ದೇಹದ ಭಾಗಗಳನ್ನು ಎತ್ತಿದವನು ಕಂಡದ್ದೂ ಹೊಕ್ಕುತ್ತದೆ. ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ಇದನ್ನು, ಗುಂಪಿನಲ್ಲಲ್ಲದೆ ಒಬ್ಬೊಬ್ಬರಾಗಿ ಇಲ್ಲವೆ ಜೋಡಿಯಾಗಿ ಕೂರಿಸಿ, ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದರು: 13 ತಿಂಗಳಾದ ಮೇಲೆ, ಹೀಗೆ ಮಾತಾಡಿಸಿದವರಲ್ಲಿ ಶೇ. 26 ಮಂದಿಗೆ ಮನಸ್ಸಿನ ಆಘಾತದ ಕಾಯಿಲೆ (ಪಿಟಿಎಸ್‌ಡಿ), ಮಾತಾಡಿಸದವರಲ್ಲಿ ಶೇ. 9. ಅವರು ರಕ್ಷಣಾ ಕೆಲಸದವರಲ್ಲ, ನಿಜ. ಆದರೂ ನನಗೆ ಅಷ್ಟು ಸಾಕು.

ನಿದ್ರೆಗೆಂದು ಮೆಡಿಕಲ್ಲಿನಿಂದ ಅಲ್‌ಪ್ರಜೋಲಾಮ್ ತರಬೇಡಿ. ಮೊದಲ ತಿಂಗಳು ಆಘಾತದ ಲಕ್ಷಣಗಳಿಗೆ ಆ ಜಾತಿಯ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಕುಡಿತವೂ ಹಾಗೇ: ಕಣ್ಣು ಮುಚ್ಚಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ.

ಹೊತ್ತಿಗೆ ಗಂಜಿ, ಮಧ್ಯಾಹ್ನದ ಮೇಲೆ ಚಾ ಬೇಡ, ಟಿವಿಯಲ್ಲಿ ವಯನಾಡು ಬಂದರೆ ಬಂದ್ ಮಾಡಿ. ಮೀನು, ಮಾಂಸ ಮುಟ್ಟದಿದ್ದರೆ ಒತ್ತಾಯಿಸಬೇಡಿ, ಆ ವಾಸನೆ ಅಲ್ಲಿಯದನ್ನು ನೆನಪಿಸಬಹುದು. ಜೊತೆಗೆ ಡ್ಯೂಟಿ ಮಾಡಿದವನು ಬಂದರೆ ಇಬ್ಬರನ್ನೇ ಬಿಡಿ. ತಾನಾಗಿ ಹೇಳಿದರೆ ಕೇಳಿ, "ಆಮೇಲೆ ಏನಾಯಿತು?" ಅನ್ನಬೇಡಿ. ಶವದ ಕಿಸೆಯಲ್ಲಿ ಸಿಕ್ಕ ಫೋಟೊ, ಮಗುವಿನ ಚಪ್ಪಲಿ ಇಂಥವೇ ಹೆಚ್ಚು ಕಾಡುವುದು, ಸತ್ತವರು ತನ್ನ ಮನೆಯವರಂತೆ ಕಾಣುವುದು ಅಲ್ಲಿಂದಲೇ.

ಹೆಚ್ಚಿನವರು ಕೆಲವು ವಾರದಲ್ಲಿ ಸುಧಾರಿಸುತ್ತಾರೆ. ತಿಂಗಳು ಕಳೆದರೂ ಅದೇ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಡ್ಯೂಟಿಗೆ ಹೋಗಲಾಗದಿರುವುದು ಇದ್ದರೆ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ತಿಂಗಳು ಕಾಯಬೇಡಿ, ಅಂದೇ ಹೊರಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ. ಕಂಡದ್ದನ್ನು ಹೇಳಿಸುವುದು ಚಿಕಿತ್ಸೆಯಲ್ಲೂ ಉಂಟು, ಆದರೆ ತರಬೇತಾದ ಒಬ್ಬರೇ ಹಲವು ವಾರಗಳಲ್ಲಿ, ಅವನು ತಾಳುವಷ್ಟೇ ಹೇಳಿಸುತ್ತಾರೆ.