ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ ಮುಗಿದ ಮೇಲೂ ಸೋತ ಪಕ್ಷ ಗೆದ್ದವರಿಗೆ ಅಡ್ಡಗಾಲು ಹಾಕುವುದು ಈಚಿನ ಚಾಳಿಯೇ?

"ಅಧ್ಯಕ್ಷರು ಯಾರು ಅಂತ ತೀರ್ಮಾನ ಆದ ಮೇಲೂ ಸೋತವರು ನಾಲ್ಕು ವರ್ಷ ಒಂದು ಕೆಲಸವೂ ಆಗದ ಹಾಗೆ ಅಡ್ಡ ಕೂರುತ್ತಾರಲ್ಲ, ಇದು 2020ರ ಆಸುಪಾಸಿನಲ್ಲಿ ಶುರುವಾದದ್ದಾ?" ಅಂತ ಕೇಳಿದ್ದೀರಿ. ಅಲ್ಲ. ಇದಕ್ಕೆ ಇನ್ನೂರು ವರ್ಷ ವಯಸ್ಸಾಗಿದೆ. ಆ ಹಳೆಯ ಕಥೆ ಗೊತ್ತಾದರೆ ಈಗಿನದ್ದು ಚೆನ್ನಾಗಿ ಅರ್ಥವಾಗುತ್ತದೆ ಅನ್ನುವುದು ನನ್ನ ಅನುಭವ. ಹಾಗಾಗಿ ಉತ್ತರ ಸ್ವಲ್ಪ ಉದ್ದವಿದೆ.

ನಾನು ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಊರ ನಡುವೆ ಕಲ್ಲಿನ ಕಂಬಗಳ ಒಂದು ಚರ್ಚ್ ಇದೆ. ಅದರ ನೆಲಮಾಳಿಗೆಯಲ್ಲಿ ಇಬ್ಬರು ಅಧ್ಯಕ್ಷರ ಸಮಾಧಿ: ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್, ಅವರ ಮಗ, ಆರನೆಯ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್. ಪಕ್ಕದಲ್ಲೇ ಇಬ್ಬರ ಹೆಂಡತಿಯರೂ. ಕರ್ನಾಟಕದಿಂದ ನೆಂಟರು ಯಾರೇ ಬಂದರೂ ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಎಲ್ಲರೂ ಅಪ್ಪನ ಬಗ್ಗೆ ಕೇಳುತ್ತಾರೆ. ನಾನು ಮಗನ ಕಥೆ ಹೇಳುತ್ತೇನೆ.

1824ರಲ್ಲಿ ಕಣದಲ್ಲಿ ಉಳಿದ ನಾಲ್ವರೂ ಒಂದೇ ಪಕ್ಷದವರು. ಎದುರು ಪಕ್ಷ ಆ ಹೊತ್ತಿಗೆ ಹೆಚ್ಚುಕಡಿಮೆ ಅಳಿದುಹೋಗಿತ್ತು. ಎಲೆಕ್ಟೋರಲ್ ಮತಗಳಲ್ಲಿ, ಅಂದರೆ ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೆ ಇಂತಿಷ್ಟೆಂದು ಇರುವ ಮತಗಳಲ್ಲಿ, ಆಂಡ್ರೂ ಜಾಕ್ಸನ್‌ಗೆ 99, ಆಡಮ್ಸ್‌ಗೆ 84, ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇಗೆ 37 ಬಂದವು. ಗೆಲ್ಲಲು ಬೇಕಿದ್ದದ್ದು 131. ಜನರ ಮತದಲ್ಲೂ ಜಾಕ್ಸನ್ನೇ ಮುಂದಿದ್ದರು. ಯಾರಿಗೂ ಬಹುಮತ ಬರದಿದ್ದರೆ ಮೊದಲ ಮೂವರಲ್ಲಿ ಒಬ್ಬರನ್ನು ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಆರಿಸಬೇಕು, ಅದೂ ರಾಜ್ಯಕ್ಕೊಂದು ಮತದ ಲೆಕ್ಕದಲ್ಲಿ. ನಾಲ್ಕನೆಯವರಾಗಿ ಹೊರಗುಳಿದ ಕ್ಲೇ ಆಗ ಅದೇ ಸಭೆಯ ಸ್ಪೀಕರ್. ಅಂದರೆ ತಕ್ಕಡಿ ಅವರ ಕೈಗೆ ಬಂತು.

ಕ್ಲೇ ಆಡಮ್ಸ್ ಕಡೆ ವಾಲಿದರು. ಅವರ ಸ್ವಂತ ರಾಜ್ಯ ಕೆಂಟಕಿಯಲ್ಲಿ ಆಡಮ್ಸ್‌ಗೆ ಜನರ ಒಂದು ಮತವೂ ಬಿದ್ದಿರಲಿಲ್ಲ. ಜಾಕ್ಸನ್‌ಗೆ ಮತ ಹಾಕಿ ಎಂದು ಅಲ್ಲಿನ ಶಾಸನಸಭೆಯೇ ತನ್ನ ಪ್ರತಿನಿಧಿಗಳಿಗೆ ಸೂಚಿಸಿತ್ತು. ಆದರೂ ಕೆಂಟಕಿಯ ಮತ ಆಡಮ್ಸ್‌ಗೆ ಹೋಯಿತು. 1825ರ ಫೆಬ್ರವರಿ 9ರಂದು ಮೊದಲ ಸುತ್ತಿನಲ್ಲೇ, 24ರಲ್ಲಿ 13 ರಾಜ್ಯಗಳ ಬಲದಿಂದ ಆಡಮ್ಸ್ ಗೆದ್ದರು. ಕೆಲವೇ ದಿನಗಳಲ್ಲಿ ಅವರು ಕ್ಲೇಯನ್ನು ವಿದೇಶಾಂಗ ಕಾರ್ಯದರ್ಶಿ ಮಾಡುವುದಾಗಿ ಹೇಳಿದರು. ಆ ಕಾಲದಲ್ಲಿ ಅಧ್ಯಕ್ಷ ಗಾದಿಗೆ ಅದೇ ಮೆಟ್ಟಿಲು. ಮ್ಯಾಡಿಸನ್, ಮನ್ರೋ, ಸ್ವತಃ ಆಡಮ್ಸ್, ಎಲ್ಲರೂ ಅಲ್ಲಿಂದಲೇ ಮೇಲೆ ಹೋದವರು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂದರೆ ನಂಬಲು ಜಾಕ್ಸನ್ ಕಡೆಯವರು ತಯಾರಿರಲಿಲ್ಲ. ಫಲಿತಾಂಶ ಬಂದ ದಿನ ಸಂಜೆ ಒಂದು ಔತಣದಲ್ಲಿ ಆಡಮ್ಸ್‌ರ ಕೈಕುಲುಕಿ ಅಭಿನಂದಿಸಿದ್ದ ಜಾಕ್ಸನ್, ಕ್ಲೇ ನೇಮಕದ ಸುದ್ದಿ ಕೇಳಿದ ಮೇಲೆ ಕ್ಲೇಯನ್ನು, ಮೂವತ್ತು ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಜೂದಾಸ್‌ಗೆ ಹೋಲಿಸಿ ಪತ್ರ ಬರೆದರು. 'ಭ್ರಷ್ಟ ಒಪ್ಪಂದ' ಅನ್ನುವ ಮಾತು ಊರೂರಿಗೆ ಹಬ್ಬಿತು. ಒಪ್ಪಂದ ನಡೆದದ್ದಕ್ಕೆ ಪುರಾವೆ ಇಂದಿಗೂ ಸಿಕ್ಕಿಲ್ಲ. ರಸ್ತೆ, ಕಾಲುವೆ, ಸುಂಕದ ವಿಷಯದಲ್ಲಿ ಆಡಮ್ಸ್ ಮತ್ತು ಕ್ಲೇ ಒಂದೇ ದಾರಿಯವರು, ಆದ್ದರಿಂದ ಬೆಂಬಲಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಆದರೂ ಆ ನೇಮಕ ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ. ಅರ್ಧ ದೇಶ ಅನುಮಾನದಿಂದ ನೋಡುತ್ತಿರುವಾಗ ಗೆದ್ದವನು ಆ ಅನುಮಾನಕ್ಕೆ ತುಪ್ಪ ಸುರಿಯಬಾರದಿತ್ತು.

ಮುಂದೆ ನಡೆದದ್ದೇ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ. ಅದೇ 1825ರ ಅಕ್ಟೋಬರ್‌ನಲ್ಲಿ, ಆಡಮ್ಸ್ ಅಧಿಕಾರಕ್ಕೆ ಬಂದು ಎಂಟು ತಿಂಗಳೂ ತುಂಬಿರದಾಗ, ಟೆನೆಸೀ ಶಾಸನಸಭೆ 1828ರ ಚುನಾವಣೆಗೆ ಜಾಕ್ಸನ್ ಹೆಸರು ಸೂಚಿಸಿತು. ಅಲ್ಲಿಂದ ಮುಂದಕ್ಕೆ ಆಡಮ್ಸ್ ಏನು ಮಾಡಿದರೂ ಜಾಕ್ಸನ್ ಕಡೆಯವರು ಅದನ್ನು ಮುಂದಿನ ಚುನಾವಣೆಯ ಕಣ್ಣಿನಿಂದಲೇ ನೋಡಿದರು.

ಪನಾಮಾ ಸಮ್ಮೇಳನದ ವಿಷಯ ನೋಡಿ. ಸ್ಪೇನ್‌ನಿಂದ ಬಿಡುಗಡೆಯಾದ ಹೊಸ ದೇಶಗಳನ್ನು ಸಿಮೋನ್ ಬೊಲಿವಾರ್ ಒಂದೆಡೆ ಸೇರಿಸಲು ಹೊರಟಿದ್ದರು. ಅಲ್ಲಿಗೆ ಇಬ್ಬರು ಪ್ರತಿನಿಧಿಗಳನ್ನು ಕಳಿಸಲು 1825ರ ಡಿಸೆಂಬರ್‌ನಲ್ಲಿ ಆಡಮ್ಸ್ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಒಪ್ಪಿಗೆ ಕೇಳಿದರು. ಸೆನೆಟ್ ಮಾರ್ಚ್ ನಡುವಿನ ತನಕ ಎಳೆಯಿತು. ಎದುರಾಳಿಗಳಿಗೆ ವಾದಗಳು ಇರಲಿಲ್ಲ ಅಂತಲ್ಲ. ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣ ರಾಜ್ಯದವರಿಗೆ ಗುಲಾಮಗಿರಿಯನ್ನು ಕೈಬಿಡುತ್ತಿದ್ದ ದೇಶಗಳ ಜೊತೆ ಒಂದೇ ಸಭೆಯಲ್ಲಿ ಕೂರುವುದೇ ಭಯ, ಗುಲಾಮರೇ ದಂಗೆ ಎದ್ದು ಕಟ್ಟಿದ ಹೈಟಿಯ ಹೆಸರು ಎತ್ತಿದರೆ ಸಾಕು ಸಿಡಿಯುತ್ತಿದ್ದರು. ಆದರೆ ತಿಂಗಳುಗಟ್ಟಲೆ ಎಳೆದದ್ದರಲ್ಲಿ ಅಧ್ಯಕ್ಷನನ್ನು ಸೋಲಿಸುವ ಆಸೆಯೂ ಇತ್ತು. ಕಡೆಗೆ ಒಬ್ಬ ಪ್ರತಿನಿಧಿ ದಾರಿಯಲ್ಲೇ, ಕಾರ್ಟಹೇನಾ ಬಳಿ ತೀರಿಕೊಂಡರು. ಇನ್ನೊಬ್ಬರು ಹೊರಡುವ ಹೊತ್ತಿಗೆ ಪನಾಮಾದ ಸಭೆಯೇ ಮುಗಿದಿತ್ತು.

ಆ ಚರ್ಚೆಯ ಕಾವಿನಲ್ಲೇ ಸೆನೆಟರ್ ಜಾನ್ ರಾಂಡಾಲ್ಫ್ ಆಡಮ್ಸ್–ಕ್ಲೇ ಜೋಡಿಯನ್ನು ಮಡಿವಂತನೂ ಜೂಜುಕೋರನೂ ಸೇರಿದ ಕೂಟ ಎಂಬರ್ಥದಲ್ಲಿ ಬೈದರು. ಪೀಠದಲ್ಲಿ ಕೂತಿದ್ದ ಉಪಾಧ್ಯಕ್ಷ ಕ್ಯಾಲ್ಹೂನ್ ತಡೆಯಲಿಲ್ಲ. 1826ರ ಏಪ್ರಿಲ್ 8ರಂದು ಪೊಟೋಮ್ಯಾಕ್ ನದಿಯ ವರ್ಜೀನಿಯಾ ದಡದಲ್ಲಿ, ದೇಶದ ವಿದೇಶಾಂಗ ಕಾರ್ಯದರ್ಶಿ ಮತ್ತು ಒಬ್ಬ ಸೆನೆಟರ್ ಪಿಸ್ತೂಲು ಹಿಡಿದು ಎದುರುಬದುರು ನಿಂತರು. ಕ್ಲೇ ಹೊಡೆದ ಗುಂಡು ರಾಂಡಾಲ್ಫ್ ಕೋಟನ್ನು ತೂರಿಹೋಯಿತು. ರಾಂಡಾಲ್ಫ್ ತನ್ನ ಎರಡನೆಯ ಗುಂಡನ್ನು ಆಕಾಶಕ್ಕೆ ಹಾರಿಸಿ, ನೀವು ನನಗೊಂದು ಕೋಟು ಬಾಕಿ ಕೊಡಬೇಕು ಎಂದು ಕ್ಲೇಗೆ ಹೇಳಿದರು. ಇಬ್ಬರೂ ಬದುಕಿ ಉಳಿದದ್ದು ಪುಣ್ಯ.

ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆಯಲ್ಲಿ ಎರಡೂ ಸದನಗಳು ಆಡಮ್ಸ್ ವಿರೋಧಿಗಳ ಕೈಗೆ ಹೋದವು. 1828ರಲ್ಲಿ ಜಾಕ್ಸನ್ 178–83ರಿಂದ ಗೆದ್ದರು. ಅಡ್ಡ ಕೂತದ್ದಕ್ಕೆ ಮತದಾರ ಶಿಕ್ಷೆ ಕೊಡಲಿಲ್ಲ, ಬಹುಮಾನ ಕೊಟ್ಟ. ಆಮೇಲೆ ಬಂದ ಪಕ್ಷಗಳು ಇದನ್ನು ಮರೆತಿಲ್ಲ.

ಇಲ್ಲಿ ನಮ್ಮವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಪದ್ಧತಿಯಲ್ಲಿ ಸದನದ ಬೆಂಬಲ ಹೋದರೆ ಸರ್ಕಾರವೇ ಹೋಗುತ್ತದೆ. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಿಂದ ವಿಶ್ವಾಸಮತ ಕಳೆದುಕೊಂಡಿತು, ಮೂರನೆಯ ದಿನ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಅದು ನಡೆದ ರೀತಿ ಚೆಂದವಿತ್ತೋ ಇಲ್ಲವೋ ಬೇರೆ ಮಾತು, ಯಾರು ಆಳಬೇಕು ಅನ್ನುವುದು ಮಾತ್ರ ಇತ್ಯರ್ಥವಾಯಿತು. ಅಮೆರಿಕದಲ್ಲಿ ಸದನ ಪೂರ್ತಿ ತಿರುಗಿಬಿದ್ದರೂ ಅಧ್ಯಕ್ಷರು ನಾಲ್ಕು ವರ್ಷ ಅಲ್ಲೇ ಇರುತ್ತಾರೆ. ಬಹುಮತ ಇಲ್ಲ ಎಂಬ ಕಾರಣಕ್ಕೆ ಅವರನ್ನು ಇಳಿಸಲಾಗದು, ಅವರ ಕೆಲಸವನ್ನು ನಿಲ್ಲಿಸಬಹುದು. ಹಾಗಾಗಿ ಸೋತವರ ಸಿಟ್ಟೆಲ್ಲ ನಿಲ್ಲಿಸುವುದರ ಕಡೆಗೇ ಹರಿಯುತ್ತದೆ. ಸೆನೆಟ್‌ನಲ್ಲಂತೂ ಹೆಚ್ಚಿನ ಮಸೂದೆಗಳ ಚರ್ಚೆ ಮುಗಿಸಿ ಮತಕ್ಕೆ ಹಾಕಲು 100ರಲ್ಲಿ 60 ಮತ ಬೇಕು. 41 ಜನ ಒಟ್ಟಾಗಿ ನಿಂತರೆ ಬಾಗಿಲು ಬಂದ್.

2000ರಲ್ಲಿ ಫ್ಲೋರಿಡಾದ 537 ಮತಗಳ ಅಂತರ ಮತ್ತು ಸುಪ್ರೀಂ ಕೋರ್ಟಿನ 5–4ರ ತೀರ್ಪು ಬುಷ್ ಅವರನ್ನು ಅಧ್ಯಕ್ಷರನ್ನಾಗಿಸಿತು. 2001ರ ಜನವರಿ 6ರಂದು ಬುಷ್ ಎದುರು ಸೋತ ಅಲ್ ಗೋರ್ ಉಪಾಧ್ಯಕ್ಷರಾಗಿ ಸಂಸತ್ತಿನ ಪೀಠದಲ್ಲಿ ಕೂತು, ತಮ್ಮದೇ ಸೋಲನ್ನು ಸಾರುವ ಎಲೆಕ್ಟೋರಲ್ ಮತಗಳ ಎಣಿಕೆ ನಡೆಸಿದರು. ಆಕ್ಷೇಪ ಎತ್ತಿದ್ದು ತಮ್ಮದೇ ಪಕ್ಷದ ಸದಸ್ಯರು. ಒಬ್ಬ ಸೆನೆಟರನ ಸಹಿಯೂ ಇಲ್ಲದ ಆ ಆಕ್ಷೇಪಗಳನ್ನು ಒಂದೊಂದಾಗಿ ತಳ್ಳಿಹಾಕಿದವರೂ ಅವರೇ. ಆ ದೃಶ್ಯ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆದರೆ ಅಲ್ಲಿಗೆ ಗೋರ್ ಪಕ್ಷದವರಾದ ಡೆಮೊಕ್ರಾಟರ ಅಸಮಾಧಾನ ಆರಲಿಲ್ಲ. ಬುಷ್ 2001ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಹೆಸರಿಸಿದ ಮಿಗೆಲ್ ಎಸ್ಟ್ರಾಡಾ ಅವರನ್ನು ಮತಕ್ಕೆ ಬರಲು ಬಿಡದೆ ತಡೆದರು, ಅವರು 2003ರ ಸೆಪ್ಟೆಂಬರ್‌ನಲ್ಲಿ ತಾವೇ ಹಿಂದೆ ಸರಿದರು. 2016ರಲ್ಲಿ ರಿಪಬ್ಲಿಕನ್ ಸೆನೆಟ್, ಡೆಮೊಕ್ರಾಟ್ ಅಧ್ಯಕ್ಷ ಒಬಾಮ ಸುಪ್ರೀಂ ಕೋರ್ಟಿಗೆ ಸೂಚಿಸಿದ ಮೆರಿಕ್ ಗಾರ್ಲಂಡ್ ಹೆಸರನ್ನು 293 ದಿನ ವಿಚಾರಣೆಯೂ ಇಲ್ಲದೆ ಕೂರಿಸಿತು. ಟ್ರಂಪ್ ಸೋತ 2020ರ ಚುನಾವಣೆಯ ಎಣಿಕೆ ನಡೆದ 2021ರ ಜನವರಿ 6ರ ವಿಷಯ ನಿಮಗೆ ಗೊತ್ತೇ ಇದೆ. ಸಂಸತ್ ಭವನಕ್ಕೆ ಜನ ನುಗ್ಗಿ ಗಾಜು ಒಡೆದ ದಿನದ ರಾತ್ರಿಯೂ 147 ರಿಪಬ್ಲಿಕನ್ ಸದಸ್ಯರು ಒಂದಲ್ಲ ಒಂದು ರಾಜ್ಯದ ಫಲಿತಾಂಶದ ವಿರುದ್ಧ ಮತ ಹಾಕಿದರು. ಇವೆಲ್ಲ ಸಮಾನ ತಪ್ಪುಗಳೆಂದು ನಾನು ಹೇಳುತ್ತಿಲ್ಲ. ನೇಮಕ ತಡೆಯುವುದು ಒಂದು, ಎಣಿಕೆಯನ್ನೇ ತಡೆಯಲು ಹೋಗುವುದು ಇನ್ನೊಂದು. ಎರಡನೆಯದು ನನ್ನನ್ನು ಹೆದರಿಸುತ್ತದೆ.

ಆ ಚುನಾವಣೆಯ ವರ್ಷ ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲೇ ಇದು ಆಯಿತು. ಪ್ರತಿ ರಾಜ್ಯೋತ್ಸವಕ್ಕೆ ಒಂದೇ ಅಡುಗೆಮನೆಯಲ್ಲಿ ನಿಂತು ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡುತ್ತಿದ್ದ ಇಬ್ಬರು ಅಣ್ಣಂದಿರು 2020ರ ದೀಪಾವಳಿಯ ಹೊತ್ತಿಗೆ ಮಾತು ಬಿಟ್ಟರು. ತೆರಿಗೆ, ವೀಸಾ, ಗರ್ಭಪಾತ ಯಾವುದರ ಬಗ್ಗೆ ಜಗಳವಾಡಿದರೂ ಮೊದಲು ಮರುದಿನ ಸರಿಹೋಗುತ್ತಿತ್ತು. ಈ ಸಲ ಜಗಳ ಬಿದ್ದದ್ದು ಎಣಿಕೆ ನಿಜವೋ ಸುಳ್ಳೋ ಎಂಬುದರ ಮೇಲೆ. ಎದುರಿನವನ ಗೆಲುವೇ ಕಳ್ಳತನ ಅಂದುಕೊಂಡ ಮೇಲೆ ಅವನ ಜೊತೆ ಹೊಂದಿಕೊಂಡು ಹೋಗುವುದು ಕಳ್ಳನಿಗೆ ನೆರವಾದ ಹಾಗೆ ಕಾಣುತ್ತದೆ. 1825ರಲ್ಲಿ ಜಾಕ್ಸನ್ ಕಡೆಯವರಿಗೆ ಕಂಡದ್ದೂ ಹೀಗೆಯೇ. ಸೋತವರು ಗೆಲುವನ್ನು ನಂಬದೆ ಹೋದಾಗ ಅಡ್ಡಗಾಲು ಹಾಕುವುದು ಅವರಿಗೆ ಕರ್ತವ್ಯವೇ ಆಗಿಬಿಡುತ್ತದೆ. ಅದಕ್ಕೇ ಎಣಿಕೆಯ ನಿಯಮ ಮುಖ್ಯ. 2022ರಲ್ಲಿ ಅಮೆರಿಕ ಹಳೆಯ 1887ರ ಕಾನೂನನ್ನು ತಿದ್ದಿ, ಎಣಿಕೆಗೆ ಆಕ್ಷೇಪ ಎತ್ತಲು ಎರಡೂ ಸದನಗಳಲ್ಲಿ ಐದನೇ ಒಂದು ಭಾಗ ಸದಸ್ಯರ ಸಹಿ ಬೇಕು ಎಂದು ಮಾಡಿತು. ಆ ಗಲಾಟೆಯಿಂದ ಬಂದ ಒಳ್ಳೆಯ ಕೆಲಸ ಅದು. 2025ರ ಜನವರಿ 6ರಂದು ಕಮಲಾ ಹ್ಯಾರಿಸ್, ಗೋರ್ ಹಾಗೆಯೇ, ತಮ್ಮ ಸೋಲನ್ನು ತಾವೇ ಓದಿ ಹೇಳಿದರು. ಯಾರೂ ಆಕ್ಷೇಪ ಎತ್ತಲಿಲ್ಲ.

ಇನ್ನು ಅಡ್ಡಿಪಡಿಸುವುದೆಲ್ಲ ಕೆಟ್ಟದ್ದೇ ಎಂದರೆ ನಾನು ಒಪ್ಪುವುದಿಲ್ಲ, ಆಡಮ್ಸ್ ಕಾರಣದಿಂದಲೇ. ಅಧ್ಯಕ್ಷ ಪದವಿ ಹೋದ ಮೇಲೆ ಅವರು 1831ರಲ್ಲಿ ಪ್ರತಿನಿಧಿ ಸಭೆಗೆ ಸಾಮಾನ್ಯ ಸದಸ್ಯರಾಗಿ ಬಂದರು. ಗುಲಾಮಗಿರಿ ವಿರುದ್ಧದ ಮನವಿಗಳನ್ನು ಚರ್ಚೆಗೇ ತೆಗೆದುಕೊಳ್ಳಬಾರದು ಎಂದು 1836ರಲ್ಲಿ ಸಭೆ ನಿಯಮ ಮಾಡಿದಾಗ, ಆ ಮುದುಕ ದಿನವೂ ಎದ್ದು ನಿಂತು ಮನವಿ ಓದಲು ಹೊರಟು ಕಲಾಪ ನಿಲ್ಲಿಸುತ್ತಿದ್ದರು. ಛೀಮಾರಿ ಹಾಕಲು ಹೋದವರೇ ಸೋತರು. 1844ರ ಡಿಸೆಂಬರ್‌ನಲ್ಲಿ ಆ ನಿಯಮ ಬಿತ್ತು. ಜನರ ಬಾಯಿ ಕಟ್ಟುವ ನಿಯಮಕ್ಕೆ ಅಡ್ಡ ನಿಲ್ಲುವುದನ್ನೂ, ಎದುರಿನವನು ಮಾಡಿದ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಕೆಲಸ ನಿಲ್ಲಿಸುವುದನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡಲಾರೆ.

ಹಾಗೆ ನಿಂತುಹೋದ ಒಂದು ಕೆಲಸವನ್ನು ಹೇಳಿ ಮುಗಿಸುತ್ತೇನೆ. 1825ರ ಡಿಸೆಂಬರ್‌ನಲ್ಲಿ ಆಡಮ್ಸ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಬರೆದರು: ಯುರೋಪಿನಲ್ಲಿ 130ಕ್ಕೂ ಹೆಚ್ಚು ಖಗೋಳ ವೀಕ್ಷಣಾಲಯಗಳಿವೆ, ಅವು ಆಕಾಶದ ದೀಪಸ್ತಂಭಗಳು, ನಮ್ಮಲ್ಲಿ ಒಂದೂ ಇಲ್ಲ, ಕಟ್ಟೋಣ. ಎದುರಾಳಿಗಳು ಆ ಮಾತನ್ನು ವರ್ಷಗಟ್ಟಲೆ ಗೇಲಿ ಮಾಡಿದರು, ಕಾಂಗ್ರೆಸ್ ಹಣ ಕೊಡಲಿಲ್ಲ. 1843ರ ನವೆಂಬರ್‌ನಲ್ಲಿ, 76ನೇ ವಯಸ್ಸಿನಲ್ಲಿ, ಚಳಿಯಲ್ಲಿ ದೂರದ ಪ್ರಯಾಣ ಮಾಡಿ ಅವರು ಸಿನ್ಸಿನಾಟಿಗೆ ಹೋದರು. ಅಲ್ಲಿನ ಜನ ತಲಾ 25 ಡಾಲರ್‌ನ ಷೇರು ಕೊಂಡು ತಾವೇ ಒಂದು ವೀಕ್ಷಣಾಲಯ ಕಟ್ಟಲು ಹೊರಟಿದ್ದರು. ಅದರ ಅಡಿಗಲ್ಲನ್ನು ಆಡಮ್ಸ್ ಇಟ್ಟರು. ಆ ಗುಡ್ಡವನ್ನು ಊರವರು ಇವತ್ತಿಗೂ ಮೌಂಟ್ ಆಡಮ್ಸ್ ಎಂದೇ ಕರೆಯುತ್ತಾರೆ.