ಹೆಸರಘಟ್ಟದ ಬಯಲಿಗೆ ನಾಯಿ ಜೊತೆ ಹೋಗುವುದಾದರೆ

ಲ್ಯಾಬ್ರಡಾರ್ ಜೊತೆ ಎರಡು ಗಂಟೆ ಬಯಲಲ್ಲಿ ನಡೆದು, ಹೋದ ದಾರಿಯಲ್ಲೇ ವಾಪಸ್ ಬರದೆ ಒಂದು ಸುತ್ತು ಹಾಕಿ ಕಾರಿಗೆ ಬರಬೇಕು, ಬೆಂಗಳೂರಿನ ಹತ್ತಿರದ ಹೆಸರಘಟ್ಟ ಆಗುತ್ತಾ ಅಂತ ಕೇಳಿದ್ದೀರಿ.

ಸುತ್ತು ಹಾಕಲು ಜಾಗ ಚೆನ್ನಾಗಿದೆ. ಮರ ಕಡಿಮೆ, ಹುಲ್ಲಿನ ನಡುವೆ ಮಣ್ಣಿನ ದಾರಿಗಳು ಬೇಕಾದಷ್ಟು. ಆದರೆ 2024ರಲ್ಲಿ ಐದು ಸಾವಿರ ಎಕರೆಗೂ ಜಾಸ್ತಿ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ಸರ್ಕಾರ ಒಪ್ಪಿದೆ. ಹಾಗಾಗಿ ನಾಯಿ ಬಿಡ್ತಾರಾ ಅಂತ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೊರಡಿ. ಬೇಡ ಅಂದರೆ ವಾದ ಮಾಡಬೇಡಿ.

ಬಿಟ್ಟರೂ ಬೆಲ್ಟ್ ಮಾತ್ರ ಬಿಚ್ಚಬೇಡಿ. ಟಿಟ್ಟಿಭ, ಬಾನಾಡಿ (ಲಾರ್ಕ್) ಥರದ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಒಮ್ಮೆ ನನ್ನ ನಾಯಿ (ನಾಟಿ ತಳಿ, ಮಹಾ ತುಂಟ) ಎಳೆದುಕೊಂಡು ಹೋದಾಗ ಜೋಡಿ ಟಿಟ್ಟಿಭ ತಲೆ ಮೇಲೇ ಹಾರಾಡುತ್ತಾ ಕಿರುಚಿದವು. ಕಾಲ ಹತ್ತಿರವೇ ಮೊಟ್ಟೆಗಳಿದ್ದವು, ಮಣ್ಣಿನ ಬಣ್ಣವೇ! ಅವತ್ತಿನಿಂದ ಮಾರ್ಚಿನಿಂದ ಮಳೆಗಾಲ ಮುಗಿಯುವವರೆಗೆ ನಾನು ಆ ಕಡೆ ಹೋಗುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಆರೂವರೆಗೆ ಶುರು ಮಾಡಿ, ಒಂಬತ್ತಕ್ಕೆ ಮುಗಿಸಿ. ನೆರಳಿಲ್ಲ, ನೀರು ನೀವೇ ಒಯ್ಯಬೇಕು. ಕೆರೆ ಇದೆಯಲ್ಲ ಅನ್ನಬೇಡಿ. 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರಿಗಾಗಿ ಅರ್ಕಾವತಿಗೆ ಕಟ್ಟಿದ ಕೆರೆ ಅದು, ಎಷ್ಟೋ ವರ್ಷ ಒಣಗಿಯೇ ಇರುತ್ತದೆ. ಕುರಿ ಮಂದೆ ಕಂಡರೆ ದೂರದಿಂದಲೇ ಬಳಸಿ ಹೋಗಿ, ಕಾಯುವ ನಾಯಿಗಳು ಸುಮ್ನೆ ಬಿಡುವುದಿಲ್ಲ.

ಮನೆಗೆ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ (ಟಿಕ್) ಹುಳ ಹುಡುಕಿ. ಟಿಕ್ ಫೀವರ್ ಬಂದರೆ ಬಲು ಕಷ್ಟ.